ಮುಖ ನಿಮ್ಮದು, ಪ್ರಶ್ನೆಯೂ ನಿಮ್ಮದಾಗಲಿ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ 2022ರ ಡಿಸೆಂಬರ್‌ನಲ್ಲಿ ಡಿಜಿಯಾತ್ರಾ ಬಂತು. ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಗೇಟು ತೆರೆಯುತ್ತದೆ. ಇದು ಕಡ್ಡಾಯವಲ್ಲ, ಗುರುತಿನ ಚೀಟಿ ತೋರಿಸಿಯೂ ಒಳಗೆ ಹೋಗಬಹುದು. ಈ ‘ಕಡ್ಡಾಯವಲ್ಲ’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಗೆಳೆಯರೇ. ಅನುಕೂಲವೆಂದು ಬಂದದ್ದು ನಿಯಮವಾಗಿಬಿಡುವುದು ನಾವು ಸುಮ್ಮನಿದ್ದಾಗಲೇ.

ತಪ್ಪು ಮಾಡದವರಿಗೆ ಭಯವೇಕೆ ಎನ್ನುವವರು ಪ್ರತಿ ಅರಳಿಕಟ್ಟೆಯಲ್ಲೂ ಸಿಗುತ್ತಾರೆ. ಅವರನ್ನು ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಗೆ ಕರೆದೊಯ್ಯಿರಿ. 1,777 ಎಕರೆ ಭೂಸ್ವಾಧೀನದ ವಿರುದ್ಧ ಅಲ್ಲಿನ 13 ಹಳ್ಳಿಗಳ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ತಮ್ಮ ಹೊಲ ಉಳಿಸಿಕೊಳ್ಳಲು ಕೂತದ್ದು ತಪ್ಪೇ? ಆದರೆ ಪೆಂಡಾಲಿಗೆ ಬಂದ ಒಂದೊಂದು ಮುಖವನ್ನೂ ಯಂತ್ರ ಗುರುತಿಸಿ ಹೆಸರು ಬರೆದಿಡುವಂತಿದ್ದರೆ? ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಮಗಳು ಅಪ್ಪನ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಿದ್ದಳು. ಅಂಥವರು ಮನೆಯಲ್ಲೇ ಉಳಿದರೆ ಸಾಕು, ಲಾಠಿ ಎತ್ತದೆಯೇ ಧರಣಿ ಕರಗುತ್ತದೆ.

ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ ರಾಮಕೃಷ್ಣ ಹೆಗಡೆ 1988ರಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟ ರಾಜ್ಯ ನಮ್ಮದು. ಖಾಸಗಿತನದ ಹಕ್ಕನ್ನು ದೇಶಕ್ಕೆ ಗೆದ್ದುಕೊಟ್ಟವರೂ ನಮ್ಮವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದ ತೀರ್ಪು ಕೊಟ್ಟಿತು. ಆ ಹಕ್ಕಿಗೆ ಕೈಹಾಕಬೇಕಾದರೆ ಸರ್ಕಾರಕ್ಕೆ ಕಾನೂನಿನ ಬಲವಿರಬೇಕು, ಒಪ್ಪುವಂಥ ಉದ್ದೇಶವಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. 86ರ ವಯಸ್ಸಿನಲ್ಲಿ ಪುಟ್ಟಸ್ವಾಮಿ ಎದ್ದು ನಿಂತರು. ಇಪ್ಪತ್ತರ ನೀವು ಕೂತಿರಬಹುದೇ?

2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಿದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅದರಲ್ಲೇ ದಾರಿಯಿದೆ. ಕೇಳಬೇಕಾದವರು ನೀವೇ. ನಿಮ್ಮೂರ ಸರ್ಕಲ್ಲಿನಲ್ಲಿ ಸರ್ಕಾರಿ ಕ್ಯಾಮೆರಾ ಇದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಯಾರ ಆದೇಶದ ಮೇಲೆ ಹಾಕಿದ್ದೀರಿ? ಮುಖ ಗುರುತಿಸುವ ತಂತ್ರಾಂಶ ಇದೆಯೇ? ದೃಶ್ಯಗಳನ್ನು ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ? ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಸಲ್ಲಿಸಿ.

ದೊಡ್ಡಬಳ್ಳಾಪುರದ, ಹೊಸಕೋಟೆಯ, ನೆಲಮಂಗಲದ ಹುಡುಗ ಹುಡುಗಿಯರೇ, ನಿಮ್ಮ ಜಿಲ್ಲಾಡಳಿತ ಭವನ ಇರುವುದು ಬೀರಸಂದ್ರದಲ್ಲಿ. ಈ ವಾರವೇ ನಿಮ್ಮ ಮೊದಲ ಅರ್ಜಿ ಅಲ್ಲಿಗೆ ಹೋಗಲಿ.