ವಿದ್ಯುತ್ ತಂತಿಯಲ್ಲೇ ಇಂಟರ್‌ನೆಟ್

ನಿಮ್ಮ ನಡುಮನೆಯಲ್ಲಿ ಇಂಟರ್‌ನೆಟ್ಟಿನ ರೂಟರ್ ಇದೆ ಎಂದುಕೊಳ್ಳಿ. ನೀವು ಓದುವ ಕೋಣೆ ಮಹಡಿಯ ಮೇಲಿದೆ. ನಡುವೆ ದಪ್ಪ ಗೋಡೆ, ಕಾಂಕ್ರೀಟಿನ ತಾರಸಿ. ವೈಫೈ ಅಲ್ಲಿಗೆ ತಲುಪದು. ಹೊಸ ತಂತಿ ಎಳೆಯಲು ಗೋಡೆ ಕೊರೆಯಬೇಕು. ಆದರೆ ಎರಡೂ ಕೋಣೆಗಳಿಗೆ ವಿದ್ಯುತ್ ತಂತಿ ಆಗಲೇ ಹೋಗಿದೆಯಲ್ಲ? ಅದರಲ್ಲೇ ಮಾಹಿತಿಯನ್ನೂ ಕಳುಹಿಸಬಹುದೆ?

ಕಳುಹಿಸಬಹುದು. ಈ ಉಪಾಯ ಹೊಸದೂ ಅಲ್ಲ. ದೊಡ್ಡ ವಿದ್ಯುತ್ ಉಪಕೇಂದ್ರಗಳಲ್ಲಿ ಹೈಟೆನ್ಷನ್ ತಂತಿಯ ತುದಿಗೆ ಪೀಪಾಯಿಯಂಥ ಸುರುಳಿ ತೂಗುವುದನ್ನು ನೀವು ನೋಡಿರಬಹುದು. ಅದೇ ವೇವ್ ಟ್ರ್ಯಾಪ್. ವಿದ್ಯುತ್ತಿನೊಡನೆ ಅದೇ ತಂತಿಯಲ್ಲಿ ಬರುವ ಮಾತು, ಸಂದೇಶಗಳ ಸಂಕೇತ ಕೇಂದ್ರದ ಇತರ ಯಂತ್ರಗಳತ್ತ ಹರಿದುಹೋಗದಂತೆ ಅದು ತಡೆಯುತ್ತದೆ.

ಎರಡೂ ಬೆರೆತುಹೋಗುವುದಿಲ್ಲವೆ? ತಂಬೂರಿಯ ಶ್ರುತಿ, ಕೊಳಲಿನ ಸ್ವರ ಒಂದೇ ಗಾಳಿಯಲ್ಲಿ ಬಂದರೂ ಕಿವಿ ಅವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಇಲ್ಲಿಯೂ ಹಾಗೆಯೇ. ಮನೆಯ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಮಾಹಿತಿಯ ಸಂಕೇತದ್ದು ಸುಮಾರು 20 ಲಕ್ಷದಿಂದ 3 ಕೋಟಿ. ಆವರ್ತನ ಹೆಚ್ಚಿದಷ್ಟೂ ಕೆಪಾಸಿಟರ್ ಒಡ್ಡುವ ಅಡ್ಡಿ ಕಡಿಮೆ ಎಂದು ಪಿಯುಸಿಯಲ್ಲಿ ಓದುತ್ತೀರಿ. ಲೆಕ್ಕ ಹಾಕಿ: 20 ಲಕ್ಷದ ಸಂಕೇತಕ್ಕಿಂತ 50ರ ವಿದ್ಯುತ್ತಿಗೆ ಅಡ್ಡಿ 40,000 ಪಟ್ಟು ಹೆಚ್ಚು! ರೂಟರಿನ ಬಳಿ ಒಂದು, ನಿಮ್ಮ ಕೋಣೆಯಲ್ಲಿ ಇನ್ನೊಂದು ಅಡಾಪ್ಟರನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಕೆಲಸ ಶುರು.

ಆದರೂ ಡಬ್ಬದ ಮೇಲೆ ಅಚ್ಚಾದ ವೇಗ ಮನೆಯಲ್ಲಿ ಸಿಗುವುದು ಅಪರೂಪ. ಏಕೆಂದರೆ ಈ ತಂತಿ ಎಲ್ಲರೂ ನಡೆಯುವ ದಾರಿ. ಮಿಕ್ಸಿಯ ಮೋಟಾರಿನ ಕಿಡಿ, ಕಳಪೆ ಚಾರ್ಜರಿನ ಗದ್ದಲ ಎಲ್ಲವೂ ಅದರಲ್ಲೇ ಹರಿಯುತ್ತವೆ. ಸರ್ಜ್ ರಕ್ಷಣೆಯ ಎಕ್ಸ್‌ಟೆನ್ಷನ್ ಬೋರ್ಡು ಸಂಕೇತವನ್ನು ನುಂಗಿಬಿಡಬಹುದು. ಅಡಾಪ್ಟರನ್ನು ನೇರ ಗೋಡೆಯ ಪ್ಲಗ್ಗಿಗೇ ಹಾಕಬೇಕು. ಮೂರು ಫೇಸ್ ಇರುವ ಮನೆಯಲ್ಲಿ ಎರಡು ಕೋಣೆಗಳು ಬೇರೆಬೇರೆ ಫೇಸಿನಲ್ಲಿದ್ದರೆ ಸಂಕೇತ ಸೊರಗುತ್ತದೆ.

ಇನ್ನೊಂದು ಮಾತು ಮುಖ್ಯ. ಮನೆಯ ತಂತಿಗೆ ಲೋಹದ ಹೊದಿಕೆಯಿಲ್ಲ. ಆದ್ದರಿಂದ ಅದು ಆಂಟೆನಾದಂತೆ ಸಂಕೇತವನ್ನು ಹೊರಗೂ ಚೆಲ್ಲುತ್ತದೆ. ಶಾರ್ಟ್‌ವೇವ್ ರೇಡಿಯೊ ಕೆಲಸ ಮಾಡುವುದೂ ಇದೇ ಆವರ್ತನಗಳಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೀದಿಯ ವಿದ್ಯುತ್ ತಂತಿಯಿಂದಲೇ ಮನೆಗಳಿಗೆ ಇಂಟರ್‌ನೆಟ್ ಕೊಡುವ ಯೋಜನೆಯನ್ನು ನಾರ್ವೆಬ್ ಮತ್ತು ನಾರ್ಟೆಲ್ 1997ರಲ್ಲಿ ಪ್ರಕಟಿಸಿದವು. 1999ರಲ್ಲಿ ಅದನ್ನು ಕೈಬಿಟ್ಟರು. ರೇಡಿಯೊಗೆ ಆಗುವ ತೊಂದರೆ ಅದರ ಮೇಲಿದ್ದ ದೊಡ್ಡ ಆಕ್ಷೇಪಗಳಲ್ಲೊಂದು. ಮುಂದೆ ಬಂದ ಹೋಮ್‌ಪ್ಲಗ್ ಮಾದರಿಯ ಅಡಾಪ್ಟರುಗಳನ್ನು ಹವ್ಯಾಸಿ ರೇಡಿಯೊದ ಆವರ್ತನಗಳನ್ನು ಬಿಟ್ಟುಕೊಡುವಂತೆ ರೂಪಿಸಲಾಯಿತು. ನಮ್ಮ ಅನುಕೂಲ ನೆರೆಯವರ ಕಿವಿಗೆ ಕರ್ಕಶವಾಗಬಾರದಷ್ಟೆ!

ನೆರೆಮನೆಗೆ ಸಂಕೇತ ದಾಟಲೂಬಹುದು. ಆದ್ದರಿಂದ ಎರಡೂ ಅಡಾಪ್ಟರುಗಳ ಗುಂಡಿಯನ್ನೊತ್ತಿ ಅವಕ್ಕೆ ಗುಪ್ತ ಕೀಲಿಯನ್ನು ಹೊಂದಿಸಿಕೊಳ್ಳಿ. ಸ್ವಿಚ್ ಬೋರ್ಡನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಎರಡನೆಯ ಅವಕಾಶ ಕೊಡದಿರಬಹುದು. ಆ ಕೆಲಸ ಎಲೆಕ್ಟ್ರಿಷಿಯನ್ನರದು.

ಇಂಥ ಅಡಾಪ್ಟರು ನಿಮ್ಮ ಮನೆಗೆ ಬಂದರೆ ಒಂದು ಪ್ರಯೋಗ ಮಾಡಿ. ಅಡುಗೆಮನೆಯ ಮಿಕ್ಸಿ ನಿಂತಾಗೊಮ್ಮೆ, ತಿರುಗುವಾಗೊಮ್ಮೆ ಇಂಟರ್‌ನೆಟ್ಟಿನ ವೇಗ ಅಳೆಯಿರಿ. ಹತ್ತು ಸಲ ಅಳೆದು ಬರೆದಿಡಿ. ಡಬ್ಬದ ಮೇಲಿನ ಅಂಕಿಗಿಂತ ನಿಮ್ಮ ನೋಟ್‌ಪುಸ್ತಕದ ಅಂಕಿಯನ್ನೇ ಹೆಚ್ಚು ನಂಬಬಹುದು.