ಜೀವಕೋಶದ ಸೇವಕ, ಕ್ಯಾನ್ಸರಿನ ಸಾಕ್ಷಿ

ಕೋಳಿಮೊಟ್ಟೆಯ ಬಿಳಿಯ ಲೋಳೆ ಕುದಿನೀರಿನಲ್ಲಿ ಗಟ್ಟಿಯಾಗುವುದನ್ನು ತಾವೆಲ್ಲರೂ ಕಂಡಿದ್ದೀರಿ. ಅದರಲ್ಲಿರುವ ಸಸಾರಜನಕಗಳು, ಅಂದರೆ ಪ್ರೋಟೀನುಗಳು, ಬಟ್ಟೆಯ ಮಡಿಕೆ ಬಿಚ್ಚಿದಂತೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ನಮ್ಮ ಜೀವಕೋಶಗಳಲ್ಲಿಯೂ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಶಾಖ ಮಿತಿ ಮೀರಿದರೆ ಅವುಗಳಲ್ಲಿ ನಾಜೂಕಾದವು ಕೆಡುತ್ತವೆ. ಆಗ ಅವನ್ನು ಕಾಯುವವರು ಯಾರು?

ಇದರ ಸುಳಿವು ಮೊದಲು ದೊರೆತದ್ದು ಇಟಲಿಯಲ್ಲಿ. ಫೆರುಚ್ಚೊ ರಿಟೋಸ ಎಂಬ ವಿಜ್ಞಾನಿ ಹಣ್ಣುನೊಣದ ವರ್ಣತಂತುಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಸಲ ಅವರ ಪೆಟ್ಟಿಗೆಯ ಶಾಖವನ್ನು ಯಾರೋ ಏರಿಸಿಬಿಟ್ಟಿದ್ದರು. ನೋಡಿದರೆ, ವರ್ಣತಂತುಗಳ ಮೇಲೆ ಹೊಸ ಉಬ್ಬುಗಳು! ಈ ಸಂಗತಿ ೧೯೬೨ರಲ್ಲಿ ಪ್ರಕಟವಾಯಿತು. ಶಾಖ ತಗುಲಿದಾಗ ಕೆಲವು ವಿಶೇಷ ಪ್ರೋಟೀನುಗಳು ಹುಟ್ಟುತ್ತವೆಂಬುದು ೧೯೭೪ರಲ್ಲಿ ತಿಳಿಯಿತು. ಇವೇ ಶಾಖಾಘಾತ ಪ್ರೋಟೀನುಗಳು. ಹೆಸರು ಶಾಖದ್ದಾದರೂ, ವಿಷವಾಗಲಿ, ಆಮ್ಲಜನಕದ ಕೊರತೆಯಾಗಲಿ, ಇಂಥ ಸಂಕಟಗಳಲ್ಲೆಲ್ಲ ಇವು ನೆರವಿಗೆ ಬರುತ್ತವೆ. ಮಡಿಕೆ ಕೆಟ್ಟ ಪ್ರೋಟೀನನ್ನು ಹಿಡಿದು ಮತ್ತೆ ನೆಟ್ಟಗೆ ಮಡಿಸಲು ನೆರವಾಗುತ್ತವೆ.

ಆದರೆ ಈ ಸೇವಕನಿಗೆ ಒಳ್ಳೆಯ ಯಜಮಾನ, ಕೆಟ್ಟ ಯಜಮಾನ ಎಂಬ ಭೇದವಿಲ್ಲ. ಕ್ಯಾನ್ಸರ್ ಕೋಶದ ಪ್ರೋಟೀನುಗಳಲ್ಲಿ ಎಷ್ಟೋ ವಿಕಾರಗೊಂಡವು; ಊರುಗೋಲಿಲ್ಲದೆ ನಿಲ್ಲಲಾರವು. ಆ ಊರುಗೋಲೂ ಇವನೇ. ಅದನ್ನು ಕಿತ್ತುಕೊಂಡರೆ ಹೇಗೆ? ಎಚ್. ಎಸ್. ಪಿ. ೯೦ ಎಂಬ ಶಾಖಾಘಾತ ಪ್ರೋಟೀನನ್ನು ತಡೆಯುವ ಪಿಮಿಟೆಸ್ಪಿಬ್ ಎಂಬ ಔಷಧಕ್ಕೆ, ಜೀರ್ಣಾಂಗದ ಒಂದು ಬಗೆಯ ಗೆಡ್ಡೆಗಾಗಿ, ಜಪಾನು ೨೦೨೨ರಲ್ಲಿ ಒಪ್ಪಿಗೆ ಕೊಟ್ಟಿತು.

ಇದೇ ಸೇವಕ ಉಂಡ ಮನೆಗೆ ಎರಡು ಬಗೆಯುವುದೂ ಉಂಟು. ಕೋಶ ಒಡೆದು ಸತ್ತಾಗ ಇವನು ಹೊರಬೀಳುತ್ತಾನೆ. ಕೈಯಲ್ಲಿ ಆ ಕೋಶದ ಪ್ರೋಟೀನಿನ ತುಣುಕೊಂದಿರುತ್ತದೆ. ದೇಹದ ಕಾವಲು ಕೋಶಗಳು ಆ ತುಣುಕನ್ನು ಪಡೆದು, ಬಿಳಿಯ ರಕ್ತಕಣಗಳಿಗೆ ಕಳ್ಳನ ಗುರುತೆಂದು ತೋರಿಸುತ್ತವೆ. ಭಾರತದಲ್ಲಿ ಹುಟ್ಟಿದ ಪ್ರಮೋದ್ ಶ್ರೀವಾಸ್ತವ ಮತ್ತು ಅವರ ಸಂಗಡಿಗರು ೧೯೮೬ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಇಲಿಯ ಗೆಡ್ಡೆಯಿಂದ ಬೇರ್ಪಡಿಸಿದ ಇಂಥ ಪ್ರೋಟೀನನ್ನು ಚುಚ್ಚಿದರೆ ಇತರ ಇಲಿಗಳಿಗೆ ಅದೇ ಗೆಡ್ಡೆಯಿಂದ ರಕ್ಷಣೆ ದೊರೆಯುತ್ತಿತ್ತು. ಬೇರೆ ಗೆಡ್ಡೆಯಿಂದ ದೊರೆಯುತ್ತಿರಲಿಲ್ಲ. ಒಂದೊಂದು ಗೆಡ್ಡೆಗೂ ಅದರದೇ ಸಾಕ್ಷಿ!

ಹಾಗಾದರೆ ರೋಗಿಯ ಗೆಡ್ಡೆಯಿಂದಲೇ ಅವರಿಗೆ ಲಸಿಕೆ ಮಾಡಬಹುದಲ್ಲವೆ? ಮೂತ್ರಪಿಂಡದ ಕ್ಯಾನ್ಸರಿನಲ್ಲಿ ೮೦೦ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ಇದನ್ನು ಪರೀಕ್ಷಿಸಿದರು. ೨೦೦೮ರಲ್ಲಿ ಫಲಿತಾಂಶ ಬಂದಿತು: ಒಟ್ಟು ರೋಗಿಗಳನ್ನು ಲೆಕ್ಕಕ್ಕೆ ಹಿಡಿದಾಗ ರೋಗ ಮರುಕಳಿಸುವುದು ತಗ್ಗಿರಲಿಲ್ಲ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಲೇಬೇಕೆಂಬ ನಿಯಮವಿಲ್ಲ.

ಸೇವಕನ ಕೈ ಕಟ್ಟಬೇಕೋ, ಅವನಿಂದ ಸಾಕ್ಷಿ ನುಡಿಸಬೇಕೋ? ಎರಡು ದಾರಿಗಳಲ್ಲಿಯೂ ಸಂಶೋಧನೆ ನಡೆದಿದೆ. ನಮ್ಮ ಪಾಲಿಗೆ ಉಳಿಯುವುದು ಒಂದು ಎಚ್ಚರ. ಶಾಖವೆಂಬ ಹೆಸರು ಕೇಳಿ, ಮೈಮೇಲೆ ಕಂಡ ಗಂಟಿಗೆ ಮನೆಯಲ್ಲೇ ಶಾಖ ಕೊಡುತ್ತ ದಿನ ಕಳೆಯಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ.