ಕೈ ಬದಲಾಗದ ಎಲೆಗಳು

ಕಂಪ್ಯೂಟರಿನ ತೆರೆಯ ಮೇಲೆ ಚಿತ್ರದೆಲೆಗಳನ್ನು ಕೂಡಿಹಾಕಿ ಆಡುವವರ ದೂರುಗಳನ್ನು ನಾನು ಕುತೂಹಲದಿಂದ ಗಮನಿಸುತ್ತ ಬಂದಿದ್ದೇನೆ. ಇಸ್ಪೀಟಿನಂತೆ ಇಲ್ಲಿ ಎಲ್ಲರಿಗೂ ಒಂದೇ ಕಟ್ಟಲ್ಲ. ಅವರವರು ಕೊಂಡ ಎಲೆಗಳೇ ಅವರವರ ಬಲ.

ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಹೊರತಂದ 'ಮ್ಯಾಜಿಕ್' ಕಾಗದದ ಆಟ. ಬೇಡವಾದ ಎಲೆಯನ್ನು ಗೆಳೆಯನಿಗಿತ್ತು ಬೇಕಾದುದನ್ನು ಪಡೆಯಬಹುದಿತ್ತು. 2014ರ 'ಹಾರ್ತ್‌ಸ್ಟೋನ್' ಎಂಬ ತೆರೆಯಾಟದಲ್ಲಿ ಆ ಕೊಡುಕೊಳ್ಳುವಿಕೆಯೇ ಇಲ್ಲ. ಎಲೆಯನ್ನು ಪುಡಿಮಾಡಬಹುದು, ಅಷ್ಟೆ. ಅತ್ಯಪರೂಪದ ಎಲೆಯೊಂದನ್ನು ಪುಡಿಮಾಡಿದರೆ ದೊರೆಯುವ ಧೂಳು 400. ಅಂಥದೊಂದನ್ನು ಹೊಸದಾಗಿ ಮಾಡಿಕೊಳ್ಳಲು ಬೇಕಾದುದು 1600. ಗಿರವಿ ಅಂಗಡಿಯವನೂ ಇಂಥ ಲೆಕ್ಕ ಹೇಳಲು ನಾಚಿಯಾನು! ಆಟಗಾರರ ಸಿಟ್ಟು ನ್ಯಾಯವಾದುದೆಂದೇ ನನ್ನ ಎಣಿಕೆ.

ಮಾರಲು ಬಿಟ್ಟರೆ ಸರಿಹೋದೀತೆ? ಅದೇ ಗಾರ್ಫೀಲ್ಡ್ ರೂಪಿಸಿದ 'ಆರ್ಟಿಫ್ಯಾಕ್ಟ್' 2018ರ ನವೆಂಬರಿನಲ್ಲಿ ಬಂದಿತು. ಅದರಲ್ಲಿ ಎಲೆಗಳನ್ನು ಕೊಳ್ಳಲೂ ಮಾರಲೂ ಅವಕಾಶವಿತ್ತು. ಆದರೆ ಪ್ರವೇಶಕ್ಕೇ ಇಪ್ಪತ್ತು ಡಾಲರು. ಒಳಹೊಕ್ಕ ಮೇಲೆ ಎಲೆಯೆಲೆಗೂ ಬೇರೆ ಬೆಲೆ. ಬಾಗಿಲಲ್ಲೂ ಸುಂಕ, ಪಂಕ್ತಿಯಲ್ಲೂ ಸುಂಕವೇ ಎಂದು ಜನ ಮುನಿದರು. ಕೆಲವೇ ತಿಂಗಳಲ್ಲಿ ಅಂಗಳ ಬರಿದಾಯಿತು. 2021ರ ಮಾರ್ಚಿನಲ್ಲಿ ಕಂಪನಿ ಕೈಚೆಲ್ಲಿ, ಎಲ್ಲ ಎಲೆಗಳನ್ನೂ ಎಲ್ಲರಿಗೂ ಬಿಟ್ಟಿಯಾಗಿ ಹಂಚಿತು; ಹಣ ತೆತ್ತವರ ಎಲೆಗಳಿಗೆ 'ಸಂಗ್ರಾಹಕರ ಪ್ರತಿ' ಎಂಬ ಬಿರುದನ್ನಿತ್ತಿತು.

ಆಟವೇನೋ ಸೊಗಸಾಗಿತ್ತು ಎನ್ನುವವರು ಈಗಲೂ ಇದ್ದಾರೆ. ಎದುರು ಕುಳಿತು ಆಡುವವರು ಸಿಗುವುದು ಕಷ್ಟ.